ಎರಡನೇ ಭಾಗಕ್ಕೆ ಇಂಟರ್ವಲ್ ಇಲ್ಲ

ಕತ್ತಲೆಯಲ್ಲಿ ದಾರಿ ತಪ್ಪುವವರಲ್ಲಿ ಎರಡು ಬಗೆ. ಗಮನವಿಲ್ಲದವರು, ಶಿಸ್ತಿಲ್ಲದವರು. ನಾನು ಎರಡೂ ಅಲ್ಲ. ಉಡುಪಿಯ ಒಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ಕರೆಂಟು ಹೋದ ರಾತ್ರಿಯಲ್ಲೂ ಟಾರ್ಚಿಲ್ಲದೆ ಇಡೀ ವಾರ್ಡು ಸುತ್ತಿ, ಯಾವ ರೋಗಿ ನಿದ್ದೆ ಮಾಡಿದ್ದಾನೆ, ಯಾವನು ನಿದ್ದೆಯ ನಟನೆ ಮಾಡುತ್ತಿದ್ದಾನೆ ಎಂದು ಉಸಿರಿನ ಸದ್ದಿನಲ್ಲೇ ಹೇಳುತ್ತಿದ್ದವಳು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಆಗ ನಾವಿಬ್ಬರೂ, ಅಂದರೆ ನಾನು ಮತ್ತು ನನ್ನ ಯಜಮಾನರು, ಆರು ತಿಂಗಳ ಮಟ್ಟಿಗೆ ಅಮೆರಿಕದಲ್ಲಿ, ಸಿಯಾಟಲ್ ಪಕ್ಕದ ಬಾತೆಲ್‌ನಲ್ಲಿದ್ದ ಮಗನ ಮನೆಗೆ ಹೋಗಿದ್ದೆವು. ಮಗ ಪ್ರಶಾಂತ ಬೆಳಗಾದರೆ ಉತ್ತರಕ್ಕೆ, ಎವರೆಟ್‌ನ ವಿಮಾನ ಕಾರ್ಖಾನೆಗೆ ಹೋಗುತ್ತಿದ್ದ. ಸೊಸೆ ಶ್ವೇತಾ ಬಸ್ಸು ಹಿಡಿದು ದಕ್ಷಿಣಕ್ಕೆ, ಸಿಯಾಟಲ್ ಪೇಟೆಯ ಡೆನ್ನಿ ಟ್ರಯಾಂಗಲ್‌ನಲ್ಲಿದ್ದ ಗಾಜಿನ ಆಫೀಸು ಕಟ್ಟಡಕ್ಕೆ. ನಡುವೆ ಮನೆ. ಮನೆಯ ನಡುವೆ ನಾನು. ಬಂದ ವಾರದಲ್ಲೇ ಅಲ್ಲಿ ಒಂದು ವ್ಯವಸ್ಥೆ ತಂದೆ. ಇಂತಿಷ್ಟು ಹೊತ್ತಿಗೆ ಏಳುವುದು, ಇಂತಿಷ್ಟು ಹೊತ್ತಿಗೆ ಊಟ, ಎದ್ದ ಕೂಡಲೇ ಹಾಸಿಗೆ ಸರಿಪಡಿಸುವುದು. ಹದಿಮೂರು ವರ್ಷದ ಮೊಮ್ಮಗಳು ಅದಿತಿಗೆ ಆಸ್ಪತ್ರೆಯ ಕ್ರಮದಲ್ಲಿ ಹೊದಿಕೆಯ ಮೂಲೆ ಮಡಿಸಿ ಬಿಗಿಯಾಗಿ ತುರುಕುವುದನ್ನು ನಾನೇ ಹೇಳಿಕೊಟ್ಟೆ. ಮೊದಲ ರಾತ್ರಿಯೇ ಅವಳ ಕೋಣೆಯಿಂದ ಕೂಗು ಕೇಳಿಸಿತು.

"ಅಜ್ಜಿ, ಐ ಕಾಂಟ್ ಗೆಟ್ ಇನ್!"

ಹೊದಿಕೆ ಅಷ್ಟು ಬಿಗಿಯಾಗಿತ್ತು. ನನಗೆ ಹೆಮ್ಮೆಯಾಯಿತು!

ಹೀಗಿರುವಾಗ, ನಾವು ಹೊರಡುವುದಕ್ಕೆ ಎರಡು ವಾರ ಇದೆ ಎನ್ನುವಾಗ, ಬೇಸಿಗೆ ರಜೆಗೆ ಉಡುಪಿಗೆ ಬಾ ಎಂದು ಅವಳನ್ನು ಕರೆದೆ. ಅವಳು ತಲೆಯಾಡಿಸಿದಳು. ಮೇಲಿನಿಂದ ಕೆಳಕ್ಕಲ್ಲ, ಅಡ್ಡಕ್ಕೆ.

"ನೋ ಅಜ್ಜಿ. ಇಲ್ಲೇ ಇಷ್ಟು ರೂಲ್ಸ್. ಅಲ್ಲಿ ಇಟ್ಸ್ ಯುವರ್ ಹೌಸ್."

ಎದೆಗೆ ಚುಳ್ ಎಂದಿತು. ತೋರಿಸಿಕೊಳ್ಳಲಿಲ್ಲ. ತೋರಿಸಿಕೊಳ್ಳದಿರುವುದಕ್ಕೆ ನಮಗೆ ತರಬೇತಿ ಇದೆ.

ಸಂಜೆ ಅವಳು ಒಂದು ಸಿನಿಮಾದ ಭಿತ್ತಿಪತ್ರವನ್ನು ಗೋಡೆಗೆ ಅಂಟಿಸುತ್ತಿದ್ದಳು. ಮೂಗಿನವರೆಗೆ ಮುಖವಾಡ, ಬೂದು ಬಣ್ಣದ ಉದ್ದ ಮಳೆಕೋಟು ತೊಟ್ಟ ಒಬ್ಬ ಮಹಾವೀರ. ಸಿಯಾಟಲ್‌ನಲ್ಲಿ ಮಳೆಕೋಟು ಹಾಕಿದವನನ್ನು ಯಾರೂ ತಿರುಗಿಯೂ ನೋಡುವುದಿಲ್ಲ. ಆದರೆ ಇವನ ಸಿನಿಮಾದ ಎರಡನೇ ಭಾಗಕ್ಕೆ ಊರಿಗೆ ಊರೇ ಮುಗಿಬಿದ್ದಿತ್ತಂತೆ. ಮೊದಲ ಭಾಗಕ್ಕಿಂತಲೂ ಹೆಚ್ಚು ಓಡುತ್ತಿತ್ತಂತೆ.

"ಎರಡನೇ ಭಾಗ ಅಂದರೆ ನಿನ್ನೆಯ ಸಾರಿಗೆ ಇವತ್ತು ನೀರು ಹಾಕಿದ ಹಾಗೆ," ಎಂದೆ. "ಅದರಲ್ಲಿ ಎಂತ ಉಂಟು?"

ಅದಿತಿ ತಿರುಗಿ ನಿಂತಳು. ಅವಳ ಮಾತಿನ ಸಾರಾಂಶ ಇಷ್ಟು: ಅಜ್ಜಿಗೆ ಎಲ್ಲದರಲ್ಲೂ ತಪ್ಪೇ ಕಾಣುತ್ತದೆ. ಇದು ಡಾರ್ಕ್ ಸಿನಿಮಾ, ರಿಯಲಿಸ್ಟಿಕ್ ಸಿನಿಮಾ. ಅಜ್ಜಿ ಇದನ್ನು ಪೂರ್ತಿ ನೋಡಬೇಕು. ನೋಡಿ, ಇದು ಯಾಕೆ ಗೆದ್ದಿತು ಎಂದು ಹೇಳಬೇಕು. ಸರಿಯಾಗಿ ಹೇಳಿದರೆ ಅವಳು ಉಡುಪಿಗೆ ಬರುತ್ತಾಳೆ.

"ಪೂರ್ತಿ, ಅಜ್ಜಿ. ದ ಹೋಲ್ ಥಿಂಗ್."

"ಇಷ್ಟೇನಾ?" ಎಂದೆ. ಮೂವತ್ತೈದು ವರ್ಷ ರೋಗಿಗಳ ಮೇಲೆ ಕಣ್ಣಿಟ್ಟವಳಿಗೆ ಒಬ್ಬ ಮುಖವಾಡದವನ ಮೇಲೆ ಎರಡೂವರೆ ಗಂಟೆ ಕಣ್ಣಿಡುವುದು ಒಂದು ಕೆಲಸವೇ!

ಶನಿವಾರ ಮಧ್ಯಾಹ್ನ ಪ್ರಶಾಂತ ನಮ್ಮ ಮೂವರನ್ನೂ ಥಿಯೇಟರಿನ ಮುಂದೆ ಇಳಿಸಿಹೋದ. ನಾನು ಸಕಲ ಸಿದ್ಧತೆ ಮಾಡಿಕೊಂಡಿದ್ದೆ. ಕೈಚೀಲದಲ್ಲಿ ಕನ್ನಡಕ, ಶಾಲು, ಒಂದು ಡಬ್ಬಿ ಚಕ್ಕುಲಿ. ಹೊರಗಿನ ತಿಂಡಿ ತರಬಾರದೆಂದು ಬೋರ್ಡಿತ್ತು. ಆದರೆ ಯಜಮಾನರಿಗೆ ಸಕ್ಕರೆ ಕಾಯಿಲೆ; ಚಕ್ಕುಲಿಯನ್ನು ನಾನು ವೈದ್ಯಕೀಯ ಕಾರಣಕ್ಕಾಗಿ ಒಳಗೆ ಒಯ್ದೆ. ಒಳಗೆ ಹೋದವಳೇ ನಮ್ಮ ಜಾಗವನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡೆ. ಬಾಗಿಲಿನಿಂದ ಎಡಕ್ಕೆ, ಮೆಟ್ಟಿಲು ಹತ್ತಿ ಐದನೇ ಸಾಲು, ತುದಿಯ ಕುರ್ಚಿ ನನ್ನದು. ಪಕ್ಕದಲ್ಲಿ ಯಜಮಾನರು. ಅವರ ಆಚೆ ಅದಿತಿ.

ಸಿನಿಮಾ ಶುರುವಾಯಿತು. ಡಾರ್ಕ್ ಎಂದರೆ ಡಾರ್ಕೇ. ಆ ಇಡೀ ಪಟ್ಟಣದಲ್ಲಿ ಒಂದು ಟ್ಯೂಬ್‌ಲೈಟಿಲ್ಲ! ಪಾಪ, ವೀರ ಹಗಲಿಡೀ ನಿದ್ದೆಗೆಟ್ಟು, ರಾತ್ರಿಯಿಡೀ ಜನರನ್ನು ಕಾಪಾಡಿ, ಬೆಳಗಿನ ಜಾವ ಒಂದು ಹಳಸಿದ ಬ್ರೆಡ್ ತಿನ್ನುತ್ತಾನೆ. ಅವನಿಗೆ ಎಡ ಭುಜಕ್ಕೆ ಗುಂಡು ಬಿತ್ತು. ಅವನು ನೇರ ಮನೆಗೆ ಹೋಗಿ, ಸೂಜಿ ತೆಗೆದು, ತನ್ನ ಗಾಯಕ್ಕೆ ತಾನೇ ಹೊಲಿಗೆ ಹಾಕಲು ಕುಳಿತ.

"ಕೈ ತೊಳಿ!" ಎಂದು ನಾನು ಕೂಗಿದೆ.

ಹಿಂದಿನ ಸಾಲಿನಿಂದ "ಶ್" ಎಂದರು. ಅದಿತಿ ಕುರ್ಚಿಯೊಳಗೆ ಮುಳುಗಿಹೋದಳು.

"ಎಂತ ಮಾರಾಯ್ತಿ," ಎಂದು ಯಜಮಾನರು ಪಿಸುಗುಟ್ಟಿದರು. "ಅವನು ನಿನ್ನ ಪೇಶೆಂಟ್ ಅಲ್ಲ."

"ನಂಜಾಗ್ತದೆ, ನೋಡ್ತಾ ಇರಿ."

ಅಷ್ಟರಲ್ಲಿ ನನಗೊಂದು ಒತ್ತಡ ಶುರುವಾಗಿತ್ತು. ಊಟವಾದ ಮೇಲೆ ಎರಡು ಲೋಟ ನೀರು ಕುಡಿಯುವುದು ನನ್ನ ಕ್ರಮ. ಪರವಾಗಿಲ್ಲ, ಇನ್ನೇನು ಇಂಟರ್ವಲ್ ಬಂತು ಎಂದು ಕಾದೆ. ಒಂದು ಸೇತುವೆ ಬಿತ್ತು. ಇಂಟರ್ವಲ್ ಇಲ್ಲ. ವೀರನ ಗೆಳೆಯನೇ ಅವನಿಗೆ ದ್ರೋಹ ಮಾಡಿದ. ಉಡುಪಿಯ ಟಾಕೀಸಾಗಿದ್ದರೆ ಇಷ್ಟು ಹೊತ್ತಿಗೆ ದೀಪ ಹತ್ತಿ, ಗೋಳಿಬಜೆಯ ಪರಿಮಳ ಬರುತ್ತಿತ್ತು. ಇಲ್ಲಿ ಇಲ್ಲ!

"ಇಂಟರ್ವಲ್ ಯಾವಾಗ?" ಎಂದು ಯಜಮಾನರ ಕಿವಿಯಲ್ಲಿ ಕೇಳಿದೆ.

"ಈ ದೇಶದಲ್ಲಿ ಅದೆಲ್ಲ ಇಲ್ವಂತೆ. ಹೋಗಿ ಬಾ. ದಾರಿ ಗೊತ್ತುಂಟಲ್ಲ?"

ನನ್ನನ್ನು! ದಾರಿ ಗೊತ್ತುಂಟಾ ಎಂದು ನನ್ನನ್ನು ಕೇಳಿದರು!

ಹೋದೆ. ಕೆಲಸ ಮುಗಿಸಿ, ಕೈಯನ್ನು ಪೂರ್ತಿ ಹೊತ್ತು ಸೋಪು ಹಚ್ಚಿ ತೊಳೆದು, ಕಾರಿಡಾರಿಗೆ ಬಂದು, ಬಾಗಿಲು ನೂಕಿ ಒಳಗೆ ಹೋದೆ. ಎಡಕ್ಕೆ. ಮೆಟ್ಟಿಲು. ಐದನೇ ಸಾಲು. ತುದಿಯ ಕುರ್ಚಿ ಖಾಲಿ ಇತ್ತು, ಪಕ್ಕದಲ್ಲಿ ದಪ್ಪ ದೇಹದ ನಮ್ಮವರು ಇದ್ದರು. ಎಲ್ಲವೂ ಲೆಕ್ಕಕ್ಕೆ ಸರಿ. ಆ ಕಾರಿಡಾರಿನಲ್ಲಿ ಅಂಥ ಬಾಗಿಲುಗಳು ಹನ್ನೆರಡು ಇದ್ದವೆಂಬುದು ಒಂದು ಸಣ್ಣ ವಿಷಯ. ನಮ್ಮ ಕಾಲದ ಟಾಕೀಸಿಗೆ ಪರದೆ ಒಂದೇ ಇರುತ್ತಿತ್ತು.

ಕುಳಿತವಳಿಗೆ ಕಂಡದ್ದೇನು? ನಮ್ಮವರ ಕೈ ಪಾಪ್‌ಕಾರ್ನ್ ಬಕೆಟಿನೊಳಗೆ! ನಾನು ಅತ್ತ ಹೋದದ್ದೇ ತಡ, ಬೆಣ್ಣೆ ಸುರಿದ ಪಾಪ್‌ಕಾರ್ನ್ ತರಿಸಿದ್ದಾರೆ! ಆ ಕೈಗೆ ಒಂದು ಪೆಟ್ಟು ಕೊಟ್ಟೆ. ಕೈ ತಟ್ಟನೆ ಹಿಂದೆ ಹೋಯಿತು. ಪಾಪ ಎನಿಸಿ, ಕೈಚೀಲದಿಂದ ಡಬ್ಬಿ ತೆಗೆದು ಒಂದು ಚಕ್ಕುಲಿ ಕೊಟ್ಟೆ.

"ಥ್ಯಾಂಕ್ ಯೂ," ಎಂಬ ಪಿಸುಮಾತು ಕೇಳಿಸಿತು.

ನಾನು ಬೆರಗಾದೆ. ಮದುವೆಯಾದಂದಿನಿಂದ ಈ ಮನುಷ್ಯ ನನಗೆ ಥ್ಯಾಂಕ್ಸ್ ಹೇಳಿದ್ದು ಇದೇ ಮೊದಲು! ಅಮೆರಿಕದ ಗಾಳಿ ಎಂಥವರನ್ನೂ ತಿದ್ದುತ್ತದೆ ಎಂದುಕೊಂಡು ಇನ್ನೆರಡು ಕೊಟ್ಟೆ. ಕುರುಕುರು ತಿಂದರು.

ಪರದೆಯ ಮೇಲೆ ಈಗ ಬೆಳಕಿತ್ತು. ವೀರ ಮುಖವಾಡ ತೆಗೆದುಬಿಟ್ಟಿದ್ದ. ಒಂದು ಮೀನುಗಾರಿಕೆಯ ಊರಿನಲ್ಲಿ, ಹಳೆಯ ಮನೆಯೊಂದರಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಿದ್ದ. ಅವನೇ ಎಂದು ನನಗೆ ಹೇಗೆ ಗೊತ್ತಾಯಿತು? ಗದ್ದದಿಂದ. ಮೊದಲರ್ಧದಲ್ಲಿ ಮುಖವಾಡದ ಕೆಳಗೆ ಕಾಣುತ್ತಿದ್ದದ್ದು ಅದೊಂದೇ. ಗದ್ದದ ನಡುವೆ ಅದೇ ಕುಳಿ. ಭುಜದ ಗಾಯ ವಾಸಿಯಾಗಿ ಕಾಲು ಮುರಿದಿತ್ತು. ಹೊಡೆದಾಟದ ಕಸುಬಲ್ಲವೇ, ನಾನು ಹೊರಗೆ ಹೋಗಿದ್ದಾಗ ಏನಾದರೂ ನಡೆದಿರಬೇಕು. ಆ ಪ್ಲಾಸ್ಟರನ್ನಂತೂ ನೂರಕ್ಕೆ ನೂರು ಸರಿಯಾಗಿ ಹಾಕಿದ್ದರು. ಇದಲ್ಲವೇ ರಿಯಲಿಸಂ!

ಮನೆಯಲ್ಲಿ ಅವನ ಮುದಿ ತಾಯಿ. ಅವಳಿಗೆ ಮರೆವಿನ ಕಾಯಿಲೆ. ಮಗನನ್ನೇ "ಯಾರಪ್ಪಾ ನೀನು?" ಎಂದು ಕೇಳುತ್ತಾಳೆ. ಅವನು "ಪಕ್ಕದ ಮನೆಯವನು" ಎನ್ನುತ್ತಾನೆ. ಕುಂಟುತ್ತಾ ಹೋಗಿ ಸೂಪು ಮಾಡಿ, ಅವಳಿಗೆ ಚಮಚದಲ್ಲಿ ಕುಡಿಸುತ್ತಾನೆ. ಅವಳು ಒಂದು ಚಮಚವನ್ನು ಅವನ ಬಾಯಿಗೇ ಹಿಡಿಯುತ್ತಾಳೆ. ಅಲ್ಲಿಗೆ ಮುಗಿಯಿತು.

ನಾನು ಅತ್ತುಬಿಟ್ಟೆ. ಪಕ್ಕದಲ್ಲೂ ಮೂಗು ಸೀಟುವ ಸದ್ದಾಯಿತು. ಹೆಸರುಗಳು ಬರತೊಡಗಿದಾಗ, ನೂಕುನುಗ್ಗಲಿನಲ್ಲಿ ಸಿಲುಕಬಾರದೆಂದು ದೀಪ ಹತ್ತುವ ಮೊದಲೇ ಎದ್ದೆ. "ನಾನು ಹೊರಗಿರ್ತೇನೆ, ನಿಧಾನ ಬನ್ನಿ" ಎಂದು ನಮ್ಮವರ ಭುಜ ತಟ್ಟಿ ಹೊರಬಂದೆ.

ಹೊರಗೆ ಬಹಳ ಹೊತ್ತು ಕಾಯಬೇಕಾಯಿತು. ಇಬ್ಬರೂ ಬಂದಾಗ ಅದಿತಿಯ ಮುಖ ಊದಿಕೊಂಡಿತ್ತು.

"ಅಜ್ಜಿ, ಯು ಲೆಫ್ಟ್! ನಾನು ಬಾತ್ರೂಮಲ್ಲಿ ಎಲ್ಲಾ ಹುಡುಕಿದೆ."

"ನಾನೆಲ್ಲಿಗೆ ಹೋಗಿದ್ದೇನೆ? ಕೊನೆಯವರೆಗೂ ನೋಡಿದ್ದೇನೆ. ರಾತ್ರಿ ಊಟಕ್ಕೆ ಕೂತಾಗ ಕೇಳು, ಉತ್ತರ ಹೇಳ್ತೇನೆ."

ರಾತ್ರಿ ಊಟಕ್ಕೆ ಎಲ್ಲರೂ ಕುಳಿತರು. ನಾನು ಗಂಟಲು ಸರಿಪಡಿಸಿಕೊಂಡೆ. ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪಾಠ ಮಾಡುವಾಗ ಇದ್ದ ದನಿ ತಾನಾಗಿ ಬಂತು. ಮೊದಲರ್ಧವನ್ನು ಗುಂಡು, ಸೂಜಿ, ಸೇತುವೆ, ದ್ರೋಹ ಒಂದೂ ಬಿಡದೆ ವರ್ಣಿಸಿದೆ. ಅದಿತಿಯ ಮುಖ ಅರಳತೊಡಗಿತು. ಉಡುಪಿಯ ಮನೆಯಲ್ಲಿ ಅವಳಿಗೆ ಯಾವ ಕೋಣೆ ಕೊಡುವುದೆಂದು ನಾನು ಒಳಗೊಳಗೇ ನಿರ್ಧರಿಸುತ್ತಿದ್ದೆ.

"ಆದರೆ ಸಿನಿಮಾ ಗೆದ್ದದ್ದು ಅದರಿಂದಲ್ಲ," ಎಂದೆ. "ಬೇರೆ ವೀರರು ಕೊನೆಗೆ ಹಾರ್ತಾರೆ, ಹೊಡೀತಾರೆ. ಇವನು ಮಾತ್ರ ಮುಖವಾಡ ಬಿಸಾಡಿ ಅಮ್ಮನನ್ನು ನೋಡ್ಕೊಳ್ಳಲಿಕ್ಕೆ ಹೋದ. ಲೋಕ ಕಾಪಾಡುವುದು ಸುಲಭ. ಮರೆವಿನ ತಾಯಿಗೆ ಸೂಪು ಕುಡಿಸುವುದು ಕಷ್ಟ. ಆ ಸೂಪಿನಿಂದಲೇ ಈ ಸಿನಿಮಾ ಗೆದ್ದದ್ದು!"

ಪ್ರಶಾಂತನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತ್ತು. ಎಲ್ಲರ ಮನಸ್ಸು ಕರಗಿದೆ ಎಂದುಕೊಂಡೆ.

"ಅಜ್ಜಿ," ಎಂದಳು ಅದಿತಿ, "ವಾಟ್ ಸೂಪ್?"

"ಅತ್ತೆ," ಎಂದಳು ಶ್ವೇತಾ, ತುಂಬಾ ಮೆಲ್ಲಗೆ, ರೋಗಿಯ ಹತ್ತಿರ ಮಾತಾಡುವ ಹಾಗೆ. "ನಾನೂ ಆ ಪಿಕ್ಚರ್ ನೋಡಿದೀನಿ. ಅದರಲ್ಲಿ ಅಮ್ಮ ಅಂತ ಯಾರೂ ಇಲ್ವಲ್ಲ?"

"ಸಾಕ್ಷಿ ಬೇಕಾ? ಪಕ್ಕದಲ್ಲಿ ಕೂತು ಅತ್ತವರು ಇಲ್ಲೇ ಇದ್ದಾರೆ, ಕೇಳಿ. ನೀವು ಹೇಳಿ ಮಾರ್ರೆ! ಪೂರ್ತಿ ಮೂರು ಚಕ್ಕುಲಿ ತಿಂದಿದ್ದೀರಿ!"

ಯಜಮಾನರು ಮಜ್ಜಿಗೆಯ ಲೋಟ ಕೆಳಗಿಟ್ಟರು.

"ಯಾವ ಚಕ್ಕುಲಿ?"

ಒಂದು ಕ್ಷಣ ನನ್ನ ಬದುಕಿನ ಶಿಸ್ತೆಲ್ಲ ಕಣ್ಣಮುಂದೆ ಹಾದುಹೋಯಿತು. ಪೆಟ್ಟು ತಿಂದ ಆ ಕೈ. ಆ ಥ್ಯಾಂಕ್ ಯೂ. ಭುಜ ತಟ್ಟಿದ್ದು! ಶ್ವೇತಾ ಫೋನಿನಲ್ಲಿ ಅದೇ ಥಿಯೇಟರಿನ ಬೇರೆ ಸಿನಿಮಾಗಳನ್ನು ಹುಡುಕಿದಳು. ಮೀನುಗಾರನ ಚಿತ್ರ ತೋರಿಸಿದಳು. ಗದ್ದದಲ್ಲಿ ಕುಳಿ ಸ್ಪಷ್ಟವಾಗಿತ್ತು. ಆ ದೇಶದ ಅರ್ಧ ನಾಯಕರಿಗೆ ಅದು ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

"ಪರಪುರುಷನ ಕೈಗೆ ಹೊಡೆದು ಚಕ್ಕುಲಿ ತಿನ್ನಿಸಿದಿಯಾ?" ಎಂದರು ಯಜಮಾನರು. "ಪೊಲೀಸರನ್ನು ಕರೆಯದೆ ಥ್ಯಾಂಕ್ಸ್ ಹೇಳಿದನಲ್ಲ, ಅವನೇ ಮಹಾವೀರ ಮಾರಾಯ್ತಿ!"

ಅದಿತಿ ಕುರ್ಚಿಯಿಂದ ಕೆಳಗೆ ಬಿದ್ದಳು. ನಿಜವಾಗಿಯೂ ಬಿದ್ದಳು. ನೆಲದ ಮೇಲೆ ಹೊಟ್ಟೆ ಹಿಡಿದುಕೊಂಡು "ಸೂಪ್! ಸೂಪ್!" ಎನ್ನುತ್ತಿದ್ದಳು. ಆರು ತಿಂಗಳಲ್ಲಿ ಅವಳು ನನ್ನೆದುರು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗು ನಿಂತ ಮೇಲೆ ಮಾತ್ರ ತೀರ್ಪು ಕೊಟ್ಟಳು. ಅಜ್ಜಿ ಸಿನಿಮಾ ಪೂರ್ತಿ ನೋಡಿಲ್ಲ.

"ರೂಲ್ಸ್ ಆರ್ ರೂಲ್ಸ್. ನೀವೇ ಹೇಳೋದು."

ಮುಂದಿನ ಶನಿವಾರ ಎರಡನೇ ಪ್ರಯತ್ನ. ಈ ಸಲ ನಾನು ನನ್ನನ್ನೇ ಆಪರೇಶನ್ನಿಗೆ ಮುಂಚಿನ ರೋಗಿಯಂತೆ ನೋಡಿಕೊಂಡೆ. ಬೆಳಗಿನಿಂದ ಬಾಯಿಗೆ ಹನಿ ನೀರಿಲ್ಲ! ಅದಿತಿ ನನ್ನ ಮಣಿಕಟ್ಟು ಹಿಡಿದುಕೊಂಡೇ ಕುಳಿತಳು, ಓಡಿಹೋಗುವ ರೋಗಿಯನ್ನು ಹಿಡಿದುಕೊಂಡ ಹಾಗೆ. ಗುಂಡು ಬಿತ್ತು. ಸೂಜಿ ಬಂತು. ನಾನು ತುಟಿ ಕಚ್ಚಿ ಸುಮ್ಮನಿದ್ದೆ. ಸೇತುವೆ ಬಿತ್ತು. ಒತ್ತಡ ಇಲ್ಲವೇ ಇಲ್ಲ. ಗೆದ್ದೆ ಎಂದುಕೊಂಡೆ.

ಆದರೆ ಒಂದನ್ನು ಮರೆತಿದ್ದೆ. ಮಧ್ಯಾಹ್ನ ಊಟದ ಹೊತ್ತು ದಾಟಿದ ಮೇಲೆ ಒಂದು ನಿದ್ದೆ ಮಾಡುವುದು ನಿವೃತ್ತಿಯಾದ ಮೇಲಿನ ನನ್ನ ಕ್ರಮ. ಕ್ರಮ ಎಂದರೆ ಕ್ರಮ. ಕತ್ತಲು, ಮೆತ್ತನೆಯ ಕುರ್ಚಿ, ಮೊಮ್ಮಗಳ ಬೆಚ್ಚಗಿನ ಕೈ.

ದೀಪ ಹತ್ತಿದಾಗ ನನ್ನ ತಲೆ ಅದಿತಿಯ ಹೆಗಲ ಮೇಲಿತ್ತು.

"ಅಜ್ಜಿ, ಯು ಸ್ನೋರ್ಡ್," ಎಂದಳು. ನನ್ನನ್ನು ಎಬ್ಬಿಸದಿರಲೆಂದು ಅಲುಗಾಡದೆ ಕೂತಿದ್ದಳಂತೆ. ಕೈ ಜೋಮು ಹಿಡಿದಿತ್ತು.

ಕಾರಿನಲ್ಲಿ ಕೂತು, ಉಡುಪಿಯ ಕೋಣೆ ಖಾಲಿಯೇ ಉಳಿಯಿತು ಎಂದುಕೊಳ್ಳುತ್ತಾ ಕಿಟಕಿಯ ಮೇಲಿನ ತುಂತುರು ನೋಡುತ್ತಿದ್ದೆ. ಪಕ್ಕದಿಂದ ಅದಿತಿ ಒಂದೇ ಮಾತು ಹೇಳಿದಳು, ಅದೂ ಕನ್ನಡದಲ್ಲಿ:

"ಬರ್ತೀನಿ."

"ಯಾಕೆ? ನಾನು ಸೋತೆನಲ್ಲ?"

ಅವಳು ಭುಜ ಹಾರಿಸಿದಳು. ಮುಂದಿನ ಸೀಟಿನಿಂದ ಯಜಮಾನರು ಹೇಳಿದರು: "ಮೊದಲನೇ ಭಾಗದಲ್ಲಿ ಅವನು ಬರೀ ಗೆದ್ದ. ಎರಡನೆಯದರಲ್ಲಿ ದಬಕ್ಕಂತ ಬಿದ್ದ. ಅದಕ್ಕೇ ಜನಕ್ಕೆ ಇಷ್ಟ ಆದದ್ದು. ಇಷ್ಟು ಹೇಳಲಿಕ್ಕೆ ನಿನಗೆ ಎರಡು ಟಿಕೆಟ್ ಬೇಕಾಯ್ತಾ?"

"ಅಜ್ಜ ಗಾಟ್ ಇಟ್!" ಎಂದಳು ಅದಿತಿ.

ಒಂದು ಚಕ್ಕುಲಿಯೂ ಸಿಗದೆ, ಅರ್ಧ ಇಂಗ್ಲಿಷ್ ಅರ್ಥವಾಗದೆ ಕೂತಿದ್ದ ಮನುಷ್ಯನಿಗೆ ಉತ್ತರ ಗೊತ್ತಿತ್ತು!

ಜುಲೈಯಲ್ಲಿ ಅವಳು ಬಂದಳು. ಹೊದಿಕೆಯ ಮೂಲೆಯನ್ನು ಸಡಿಲ ಮಾಡಿಕೊಟ್ಟೆ. ದಿನಾ ಸಂಜೆ ನಮ್ಮ ಜಗಲಿಯಲ್ಲಿ ಅಕ್ಕಪಕ್ಕದವರನ್ನೆಲ್ಲ ಕೂರಿಸಿಕೊಂಡು, ಮುರುಕು ಕನ್ನಡದಲ್ಲಿ ಅವಳು ಒಂದೇ ಕತೆ ಹೇಳುತ್ತಿದ್ದಳು. ಕೈಗೆ ಪೆಟ್ಟು ಹೊಡೆಯುವುದನ್ನು, ಚಕ್ಕುಲಿ ಕೊಡುವುದನ್ನು, ಕೊನೆಗೆ ಗೊರಕೆಯನ್ನು ಅಭಿನಯಿಸುತ್ತಿದ್ದಳು. ಮೊದಲ ದಿನ ನಾಲ್ಕು ಜನ ಇದ್ದರು. ವಾರ ಕಳೆಯುವಾಗ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಹಾ ಹಂಚುವ ಕೆಲಸ ನನ್ನದು!

ಆ ವೀರ ಕೊನೆಗೆ ಏನಾದನೆಂದು ನನಗೆ ಈಗಲೂ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ನನ್ನ ಮಟ್ಟಿಗೆ ಅವನು ಆ ಮೀನುಗಾರರ ಊರಿನಲ್ಲಿ ಅಮ್ಮನ ಪಕ್ಕ ಕೂತು ಸೂಪು ಕುಡಿಯುತ್ತಿದ್ದಾನೆ. ಅವನೇ ಅವನು. ಗದ್ದದಲ್ಲಿ ಕುಳಿ ಇದೆಯಲ್ಲ, ಇನ್ನೇನು ಸಾಕ್ಷಿ ಬೇಕು!