ಅತ್ತೆಯವರ ಬಲಗಲ್ಲವನ್ನು ಪ್ರತ್ಯೇಕ ಗ್ರಾಹಕಿಯೆಂದು ನೋಂದಾಯಿಸುವ ಕುರಿತು

ಇಂದ:
ಸಾರಿಕಾ ಯೋಗಿರಾಜ ಬಿರಾಜದಾರ, ವಯಸ್ಸು 29,
ಸದಸ್ಯೆ (ಎಲ್ಲಕ್ಕಿಂತ ಕೆಳಗಿನ ಹಂತ),
ಕುಂಭಾರಿ, ದಕ್ಷಿಣ ಸೋಲಾಪುರ ತಾಲೂಕು.

ಗೆ:
ಪ್ರಾದೇಶಿಕ ವ್ಯವಸ್ಥಾಪಕರು,
ಲಾವಣ್ಯಪ್ರಭಾ ಸೌಂದರ್ಯ ಸಾಧನಗಳು (ಮನೆಮನೆ ಮಾರಾಟ ವಿಭಾಗ),
ಸೋಲಾಪುರ.

ವಿಷಯ: ಅರ್ಜಿದಾರಳ ಅತ್ತೆಯವರ ಮುಖದ ಬಲಭಾಗವನ್ನು ಹೊಸ ಗ್ರಾಹಕಿಯೆಂದು ಪರಿಗಣಿಸಿ, ಅದಕ್ಕೆ ಉಚಿತ ಡೆಮೋ ಮಾಡಲು ಅನುಮತಿ ಕೋರಿ.

ಉಲ್ಲೇಖ: 1) ತಮ್ಮ ಸದಸ್ಯರ ಕೈಪಿಡಿ, ಪುಟ 11, ನಿಯಮ 4.
2) ದಿ. 7-7-2025ರ ಸಂಜೆ ಅತ್ತೆಯವರು ಆಡಿದ ಮಾತು.
3) ಅಂದಿನಿಂದ ಅವರು ಆಡದೆ ಉಳಿಸಿಕೊಂಡ ಮಾತುಗಳು.

ಮಾನ್ಯರೇ,

ಜುಲೈ 8, ಮಂಗಳವಾರ, ಬೆಳಿಗ್ಗೆ 7.40ಕ್ಕೆ ಗಿರಿಜಾಬಾಯಿ ಸಿದ್ದಣ್ಣ ಬಿರಾಜದಾರ (62) ಅವರು ತಮ್ಮ ಸೊಸೆಗೆ ಮುಖದ ಬಲಭಾಗ ತೋರಿಸಿದರು. ಸೊಸೆ ಸ್ಕೂಟರ್ ಚಾವಿ ಕೇಳಿದ್ದಳು. ಚಾವಿ ಗಿರಿಜಾಬಾಯಿಯವರ ಎಲೆಯಡಿಕೆಯ ಚಂಚಿಯಲ್ಲಿತ್ತು. ಈ ಅರ್ಜಿ ಬರೆಯುವ ದಿನಕ್ಕೆ ಹನ್ನೆರಡು ದಿನವಾಯಿತು, ಅದು ಅಲ್ಲಿಯೇ ಇದೆ.

ಸದರಿ ಸೊಸೆಯೇ ಅರ್ಜಿದಾರಳು. ಆಕೆ ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿ ಕಲಿತವಳಾದ ಕಾರಣ, ಆಕೆ ಹೇಳಿದ್ದನ್ನು ಅದೇ ಊರಿನ ನಿವೃತ್ತ ವರದಿಗಾರ ಬಸಯ್ಯ ಬರೆದಿದ್ದಾರೆ. ತಮ್ಮ ಕೈಪಿಡಿಯ ಹಿಂಬದಿಯಲ್ಲಿ "ನಿಮ್ಮ ಅಡಚಣೆಯನ್ನು ಯಾವ ಭಾಷೆಯಲ್ಲಾದರೂ ಬರೆಯಿರಿ" ಎಂದು ಅಚ್ಚಾಗಿದೆ. ಅದನ್ನು ನಂಬಲಾಗಿದೆ. ಸಂಗತಿಗಳು ಹೀಗಿವೆ:

1. ಜೂನ್ 15ರ ಭಾನುವಾರ ಸೋಲಾಪುರದಲ್ಲಿ ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ತಮ್ಮ ಸಂಸ್ಥೆಯ ಮನೀಷಾ ಮೇಡಂ ಅವರು ಅರ್ಜಿದಾರಳನ್ನು ಸದಸ್ಯೆಯಾಗಿ ಸೇರಿಸಿಕೊಂಡರು. ಹೊಸದಾಗಿ ಸೇರಿದವರು ಪರಿಚಿತರ ನೂರು ಹೆಸರು ಬರೆದುಕೊಡಬೇಕೆಂಬ ನಿಯಮವಿದೆ. ಅರ್ಜಿದಾರಳ ಪಟ್ಟಿ 46ಕ್ಕೆ ನಿಂತಿತು. ಅವರಲ್ಲಿ ಇಬ್ಬರು ತೀರಿಕೊಂಡವರು. 47ನೆಯದು ಮನೆಯ ಎಮ್ಮೆ ಚಂದ್ರಿ. ಹೆಸರಿದ್ದ ಕಾರಣ ಸೇರಿಸಲಾಯಿತು. ಮೇಡಂ ಪಟ್ಟಿಯ ಕೊನೆಗೆ ಬೆರಳಿಟ್ಟು, "ಈ ಚಂದ್ರಿದು ತ್ವಚಾ ಹೆಂಗ ಅದ?" ಎಂದರು. "ದಪ್ಪ ಅದರಿ, ಆದ್ರ ಭಾಳ ಮಿಂಚ್ತದ" ಎಂದು ಅರ್ಜಿದಾರಳು ಇದ್ದದ್ದನ್ನೇ ಹೇಳಿದಳು. ಮೇಡಂ ಆ ಹೆಸರಿನ ಮುಂದೆ "ತುರ್ತು ಭೇಟಿ" ಎಂದು ಬರೆದರು.

2. ವಜ್ರದ ಪದವಿ, ಗೋವಾ ಪ್ರವಾಸ ಇತ್ಯಾದಿಗಳನ್ನು ಅಂದು ಪರದೆಯ ಮೇಲೆ ತೋರಿಸಲಾಯಿತು. ಅರ್ಜಿದಾರಳು ಸೇರಿದ್ದು ಅವುಗಳಿಗಾಗಿ ಅಲ್ಲ. ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಒಂದರಿಂದ ಐದರವರೆಗೆ ಮನೆಯಿಂದ ಹೊರಗೆ ಹೋಗಲು ಒಂದು ಕಾರಣ ಬೇಕಾಗಿತ್ತು. ಅತ್ತೆಯವರು ಒಪ್ಪಿ, ಚಾವಿ ಕೊಟ್ಟು, "ಹೋಗಿ ಬಾ, ಹೊತ್ತ ಮುಳಗೂದ್ರಾಗ ಬಾ" ಎಂದಿದ್ದರು. ಈ ಅರ್ಜಿಯಲ್ಲಿ ಬೇರೇನನ್ನು ಮರೆತರೂ ಆ ಎರಡು ಮಧ್ಯಾಹ್ನಗಳನ್ನು ಮರೆಯಬಾರದೆಂದು ವಿನಂತಿ.

3. ನಿಯಮ 4 ಇಂತಿದೆ: ಡೆಮೋ ಮಾಡುವಾಗ ಮೂಗಿನ ನೇರಕ್ಕೆ ಮುಖವನ್ನು ಎರಡು ಭಾಗ ಮಾಡಿ, ಒಂದಕ್ಕೆ ಮಾತ್ರ ಕ್ರೀಮ್ ಹಚ್ಚಬೇಕು. 21 ದಿನ ಹಚ್ಚಬೇಕು. ಇನ್ನೊಂದು ಭಾಗವನ್ನು ಖರೀದಿಯಾಗುವ ತನಕ ಮುಟ್ಟಕೂಡದು. ಮುಟ್ಟಿದರೆ ಸದಸ್ಯತ್ವ ರದ್ದು. ಇದನ್ನು ಮೇಡಂ ಹೀಗೆ ವಿವರಿಸಿದರು: "ಹಚ್ಚಿದ ಅರ್ಧ ಸುಮ್ನ ಇರ್ತದ. ಬಿಟ್ಟ ಅರ್ಧಾನೇ ಮಾತಾಡ್ತದ. ಮಾಲ್ ಮಾರೂದು ಅದೇ."

4. ಪಟ್ಟಿಯಲ್ಲಿ ಮೊದಲ ಹೆಸರು ಅತ್ತೆಯವರದು. ಜೂನ್ 17ರ ಸಂಜೆ, ಹಾಲು ಕರೆದಾದ ಮೇಲೆ, ಅವರು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದರು. ಬಾಗಿಲಿನ ಕಡೆ ಇದ್ದದ್ದು ಎಡಗಲ್ಲ. ಆದ್ದರಿಂದ ಎಡಗಲ್ಲ. ಇದರಲ್ಲಿ ಬೇರೆ ಉದ್ದೇಶವಿರಲಿಲ್ಲ. ಕೈಪಿಡಿಯಂತೆ ದಿನಕ್ಕೆ ಹತ್ತು ನಿಮಿಷ, ಬೆರಳ ತುದಿಯಿಂದ, ಕೆಳಗಿನಿಂದ ಮೇಲಕ್ಕೆ, ಗುಂಡಗೆ ತಿಕ್ಕಲಾಯಿತು. ತಿಕ್ಕುವಾಗ ಅತ್ತೆಯವರು ತಮ್ಮ ಮೊದಲ ಬಸ್ ಪ್ರಯಾಣ, ತಡವಳದ ತಮ್ಮ ನಾದಿನಿ ಹಾಕಿಕೊಂಡು ಹೋಗಿ ಇನ್ನೂ ತಂದುಕೊಡದ ಬೆಂಡೋಲೆ ಮುಂತಾದ ವಿಷಯ ಹೇಳಿದರು. ಅರ್ಜಿದಾರಳ ಮದುವೆಯಾಗಿ ಆರು ವರ್ಷ. ಈ ಡೆಮೋಗೂ ಮೊದಲು ಅತ್ತೆ ಸೊಸೆ ಹತ್ತು ನಿಮಿಷ ಒಂದೇ ಕಡೆ ಕುಳಿತ ದಾಖಲೆ ಇಲ್ಲ.

5. ಒಂಬತ್ತನೆಯ ದಿನ ಪಕ್ಕದ ಮನೆಯ ಕಸ್ತೂರಬಾಯಿ ಬೀಸಣಿಗೆ ಕೇಳಲು ಬಂದವರು ನಿಂತುಬಿಟ್ಟರು. "ಯಕ್ಕಾ, ಇದೇನ? ನಿನ್ನ ಒಂದ್ ಗಲ್ಲಾ ಲಗ್ನಕ್ಕ ಹೊಂಟಂಗ ಅದ, ಇನ್ನೊಂದು ಕಳೆ ತಗಿಯಾಕ ಹೊಂಟಂಗ ಅದ."

ಅತ್ತೆಯವರು ಎಡಗಲ್ಲವನ್ನು ಕಸ್ತೂರಬಾಯಿಯವರ ಕಡೆ ಇನ್ನೂ ಸ್ವಲ್ಪ ತಿರುಗಿಸಿದರು. ಮುಂದಿನ ಎಲ್ಲದಕ್ಕೂ ಇದೇ ಆರಂಭ.

6. ಅಂದಿನಿಂದ ಅತ್ತೆಯವರು ಬೇಕಾದವರಿಗೆ ಎಡಗಲ್ಲವನ್ನೂ ಬೇಡವಾದವರಿಗೆ ಬಲಗಲ್ಲವನ್ನೂ ತೋರಿಸತೊಡಗಿದರು. ಅರ್ಜಿದಾರಳು ಕಣ್ಣಾರೆ ಕಂಡ ಪ್ರಕರಣಗಳನ್ನು ಮಾತ್ರ ಇಲ್ಲಿ ಕೊಡಲಾಗಿದೆ:

ಯುಗಾದಿಗೆ ನಿಚ್ಚಣಿಕೆ ಒಯ್ದಿದ್ದ ಹಣಮಂತಪ್ಪ ಜೂನ್ 29ರಂದು ಬರಿಗೈಯಲ್ಲಿ ಬಂದರು. ಬಲ. ಜುಲೈ 1ರಂದು ನಿಚ್ಚಣಿಕೆ ಹೊತ್ತು ಬಂದರು. ಎಡ, ಜೊತೆಗೆ ಚಹಾ.

ಹಾಲು ಒಯ್ಯುವ ಕಲ್ಲಣ್ಣನಿಗೆ ಜುಲೈ 3ರಂದು ಎಡಗಲ್ಲ ಸಿಕ್ಕಿತ್ತು. ಹಾಲಿಗೆ ನೀರು ಬಿದ್ದಂತಿದೆ ಎಂದು ಆತ ಹೇಳಿ ಮುಗಿಸುವಷ್ಟರಲ್ಲಿ ಬಲ.

ಸೋಲಾಪುರದ ಬಸ್ಸಿನಲ್ಲಿ ಅತ್ತೆಯವರು ಈಗ ಬಲಬದಿಯ ಕಿಟಕಿಯಲ್ಲೇ ಕೂರುತ್ತಾರೆ. ಹಾಗೆ ಕೂತರೆ ನಡುವೆ ಹಾಯುವವರಿಗೆಲ್ಲ ಎಡಗಲ್ಲ ಕಾಣುತ್ತದೆ. ಆ ಸೀಟು ಖಾಲಿ ಇಲ್ಲದ ಕಾರಣ ಎರಡು ಬಸ್ಸು ಬಿಟ್ಟಿದ್ದೂ ಉಂಟು.

ಊರಲ್ಲಿ ಇದು ಬಳಕೆಗೆ ಬಂದಿದೆ. ನಮ್ಮ ಮನೆಯಿಂದ ಹೊರಬಿದ್ದವರನ್ನು ಓಣಿಯವರು "ಯಾವ ಗಲ್ಲಾ ಸಿಕ್ತು?" ಎಂದು ಕೇಳುತ್ತಾರೆ. ಹೀಗೆ, ಬಲಗಾಲಿಟ್ಟು ಒಳಗೆ ಬಂದ ಸೊಸೆಯಿಂದಾಗಿ ಆ ಮನೆಯಲ್ಲಿ ಎಡಕ್ಕೆ ಮಾನ ಬಂದಿತು.

7. ಮಾವನವರಾದ ಸಿದ್ದಣ್ಣನವರಿಗೆ (67) ಆರಂಭದಿಂದಲೂ ಬಲಗಲ್ಲವೇ. ಅವರ ದೂರು ಇಲ್ಲ. "ನಲವತ್ತ ವರ್ಷ ಇದ ಮಾರಿ ನೋಡೀನಿ. ಈಗ ಹೊಸಾದ ತೋರಿಸಿದ್ರ ಗುರ್ತ ಹತ್ತೂದಿಲ್ಲ" ಎಂಬುದು ಅವರ ಹೇಳಿಕೆ.

8. ಜುಲೈ 7ರ ಸಂಜೆ 21 ದಿನ ಮುಗಿಯಿತು. ಅರ್ಜಿದಾರಳು ಡಬ್ಬಿಯ ಮುಚ್ಚಳ ಹಾಕಿ, ಕೈಪಿಡಿಯ 12ನೇ ಪುಟದಲ್ಲಿರುವ ವಾಕ್ಯವನ್ನು ಇದ್ದಂತೆಯೇ ಹೇಳಿದಳು: "ತಮ್ಮ ಉಳಿದ ಸೌಂದರ್ಯಕ್ಕಾಗಿ ಇಂದೇ ಖರೀದಿಸಿರಿ."

"ಯಾರಿಗಿ ಹೇಳಾಕತ್ತೀದಿ?" ಎಂದರು ಅತ್ತೆಯವರು.

"ನಿಮಗರಿ ಅತ್ತಿ. ರೂಲ್ ಅದರಿ."

"ಸೊಸಿ ಗಲ್ಲಾ ತಿಕ್ಕಿದ್ದಕ್ಕ ಅತ್ತಿ ರೊಕ್ಕಾ ಕೊಡೂದು ಯಾ ಊರಾಗ ಅದ? ನಿನ್ನ ಲಗ್ನದಾಗ ನಾ ನಿನಗ ಅರಿಷಿಣ ಹಚ್ಚಿದ್ದೆ. ಎರಡೂ ಗಲ್ಲಕ್ಕ ಹಚ್ಚಿದ್ದೆ. ಬಿಲ್ ಕೊಟ್ಟಿದ್ನೇನ?"

ಕೈಪಿಡಿಯಲ್ಲಿ ಇದಕ್ಕೆ ಉತ್ತರವಿಲ್ಲ. ಆದ್ದರಿಂದ ಅರ್ಜಿದಾರಳು ಎದ್ದು ಒಳಗೆ ಹೋದಳು. ಮರುದಿನ 7.40ಕ್ಕೆ ನಡೆದದ್ದನ್ನು ಮೇಲೆ ತಿಳಿಸಲಾಗಿದೆ.

9. ಅಂದಿನಿಂದ ಬುಧವಾರ ಎರಡು, ಶನಿವಾರ ಎರಡು ಹೋದವು. ಅಕ್ಕಲಕೋಟೆಯ ಒಂದೇ ಗಲ್ಲಿಯಲ್ಲಿ ಆರು ಮಂದಿ ಅರ್ಧ ಮುಖ ಮಾಡಿಸಿಕೊಂಡು ಕಾಯುತ್ತಿದ್ದಾರೆ. ಅವರಲ್ಲೊಬ್ಬರು ಫೋಟೋ ತೆಗೆಸುವುದಿದೆ, ಯಾವ ಕಡೆಯಿಂದ ತೆಗೆಸಲಿ ಎಂದು ಫೋನಿನಲ್ಲಿ ಕೇಳಿದ್ದಾರೆ. ಅರ್ಜಿದಾರಳು ಮನೀಷಾ ಮೇಡಂ ಅವರಿಗೆ ಫೋನ್ ಮಾಡಿ ಅಡಚಣೆ ಹೇಳಿದಳು. ಮೇಡಂ ಅವರದು ಸೋಲಾಪುರದ ಹಳೆಯ ವ್ಯಾಪಾರಿ ಮನೆತನ. ಅವರು ಹೆಚ್ಚು ಹೊತ್ತು ಯೋಚಿಸಲಿಲ್ಲ. "ರೂಲ್ ಅಂದ್ರ ರೂಲ್. ನಮ್ಮ ಅತ್ತಿಗೂ ಅರ್ಧಾನೇ ಮಾಡೀನಿ. ಮೂರ ವರ್ಷಾತು, ಇನ್ನಾ ಅರ್ಧಾನೇ ಇದ್ದಾರ."

10. ಅರ್ಜಿದಾರಳ ಪತಿ ಯೋಗಿರಾಜ ಅವರು ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಮಾಲಿಗೆ ಚೀಟಿ ಅಂಟಿಸುವ ಕೆಲಸದಲ್ಲಿದ್ದಾರೆ. ಅವರ ಸಲಹೆ: "ಬಲಗಡೀದು ಬ್ಯಾರೆ ಗಿರಾಕಿ ಅಂತ ಬರಿ. ನಮ್ಮಲ್ಲಿ ಒಂದ ಡಬ್ಬಿಗೆ ಎರಡ ನಂಬರ್ ಹಾಕ್ತಾರ, ಯಾರೂ ಕೇಳೂದಿಲ್ಲ." ಈ ಸಲಹೆಗೆ ಕೆಳಗಿನ ಕಾರಣಗಳಿಂದ ಬಲವಿದೆ: (ಅ) ಎರಡು ಭಾಗಗಳನ್ನು ಊರವರು ಈಗಾಗಲೇ ಎರಡು ಬೇರೆ ಹೆಂಗಸರಂತೆ ನಡೆಸಿಕೊಳ್ಳುತ್ತಿದ್ದಾರೆ, (ಆ) ಬಲಭಾಗಕ್ಕೆ ತನ್ನದೇ ಆದ ಸ್ವಭಾವವಿದೆ, (ಇ) ಪಟ್ಟಿಯಲ್ಲಿ ಎಮ್ಮೆಗೆ ಜಾಗವಿದ್ದ ಮೇಲೆ ಅತ್ತೆಯವರ ಗಲ್ಲಕ್ಕೆ ಇಲ್ಲವೆನ್ನಲು ಬರುವುದಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳ ಕಾರಣ, ಸದರಿ ಬಲಗಲ್ಲವನ್ನು 48ನೆಯ ಹೆಸರಾಗಿ ದಾಖಲಿಸಿ

(ಇಲ್ಲಿಯವರೆಗೆ ಬರೆದದ್ದನ್ನು ಓದಿ ಹೇಳುವಾಗ ಅಡ್ಡಿ ಬಂದ ಕಾರಣ ಮೇಲಿನ ವಾಕ್ಯ ಅಪೂರ್ಣ. ಮುಂದಿನ ಕಲಂಗಳನ್ನು ನಂತರ ಸೇರಿಸಲಾಗಿದೆ.)

11. ಬರೆದ ಅರ್ಜಿಯನ್ನು ಅರ್ಜಿದಾರರಿಗೆ ಓದಿ ಹೇಳಿ ಸಹಿ ಪಡೆಯುವುದು ಪದ್ಧತಿ. ಅದರಂತೆ ಜುಲೈ 19, ಶನಿವಾರ, ಸಂಜೆ 5.15ಕ್ಕೆ ಬಿರಾಜದಾರರ ಕಟ್ಟೆಯ ಮೇಲೆ ಓದಲಾಯಿತು. ಅತ್ತೆಯವರು ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ, ಬಲಗಲ್ಲ ಇತ್ತ ಮಾಡಿ, ಶೇಂಗಾ ಸುಲಿಯುತ್ತಿದ್ದರು. ಖಾಲಿ ಡಬ್ಬಿಯನ್ನು ಲಗತ್ತಿಸಬೇಕಾಗಿದ್ದರಿಂದ ಬಸಯ್ಯ ಅದನ್ನು ತರಿಸಿ, ಮೇಲಿನ ಚೀಟಿ ಓದಿದರು. ತೂಕ 15 ಗ್ರಾಂ. ಬಳಕೆ ದಿನಕ್ಕೆ ಒಂದೂಕಾಲು ಗ್ರಾಂ. ಅಂದರೆ ಹನ್ನೆರಡು ದಿನ.

"ಹದಿಮೂರನೇ ದಿವಸದಿಂದ ಏನ ಹಚ್ಚೀದಿ ತಂಗೀ?" ಎಂದು ಅವರು ಕೇಳಿದರು.

ಅರ್ಜಿದಾರಳು ದನಿ ಇಳಿಸಿದಳು. "ಕುಸುಬಿ ಎಣ್ಣಿರಿ, ಸ್ವಾಮ್ಯಾರ. ಡಬ್ಬ್ಯಾಗ ಹಾಕಿ ಹಚ್ಚೀನಿ. ಸಾವಕಾಶ ಮಾತಾಡ್ರಿ, ಅತ್ತ್ಯಾರಿಗಿ ಗೊತ್ತಿಲ್ಲ."

"ಗೊತ್ತದ," ಎಂದರು ಅತ್ತೆಯವರು, ತಿರುಗದೆ. "ನಲವತ್ತ ವರ್ಷ ಆ ಎಣ್ಣ್ಯಾಗ ಒಗ್ಗರಣಿ ಹಾಕೀನಿ. ನನಗ ವಾಸನಿ ತಿಳ್ಯಾಂಗಿಲ್ಲೇನ?"

"ಮತ್ತ ಯಾಕ ಸುಮ್ನ ಇದ್ರಿ ಅತ್ತಿ?"

ಎರಡು ಶೇಂಗಾ ಸುಲಿದ ಮೇಲೆ ಉತ್ತರ ಬಂತು. "ನಿನ್ನ ಕ್ರೀಮ್ ಯಾರಿಗಿ ಬೇಕಾಗಿತ್ತ. ದಿನಾ ಹತ್ತ ಮಿನಿಟ ಬಾಜೂಕ ಕುಂಡ್ರತಿದ್ದಿ. ಇಪ್ಪತ್ತೊಂದ ಮುಗೀತು ಅಂತ ಮುಚ್ಚಳಾ ಹಾಕಿ ಎದ್ದ ಹೋದಿ."

ಸಿದ್ದಣ್ಣನವರು ಒಳಗಿನಿಂದ, "ಸ್ವಾಮ್ಯಾರ, ಇದನ್ನೂ ಬರೀರಿ" ಎಂದರು. ಬರೆಯಲಾಗಿದೆ. ಎಡಗಲ್ಲದ ಹೊಳಪು ಕ್ರೀಮಿನದೋ, ಎಣ್ಣೆಯದೋ, ತಿಕ್ಕಿದ್ದರದೋ ಎಂಬುದನ್ನು ಖಚಿತಪಡಿಸಿಕೊಳ್ಳಲು ಆಗಿಲ್ಲ.

12. ಮೇಲಿನ ಸಂಗತಿ ಹೊರಬಿದ್ದ ಕಾರಣ ವಿಷಯವನ್ನು ಹೀಗೆ ತಿದ್ದಿಕೊಳ್ಳಬೇಕಾಗಿ ವಿನಂತಿ. ಕೈಪಿಡಿಯ ಪ್ರಕಾರ ಡೆಮೋ ಎಂದರೆ ತಮ್ಮ ಕ್ರೀಮಿನಿಂದ 21 ದಿನ. ಹಚ್ಚಿದ್ದು 12 ದಿನ. ಆದ್ದರಿಂದ ಡೆಮೋ ಮುಗಿದಿಲ್ಲ. ಮುಗಿಯದ ಕಾರಣ ಖರೀದಿಯ ಪ್ರಶ್ನೆ ಏಳುವುದಿಲ್ಲ. ಏಳದ ಕಾರಣ ಅತ್ತೆಯವರು ಆಡಿದ ಮಾತು ಸರಿಯಾಗಿಯೇ ಇದೆ. ಇನ್ನೂ ಒಂಬತ್ತು ದಿನ ಉಳಿದಿವೆ. ಆ ಒಂಬತ್ತು ದಿನ ಯಾವ ಗಲ್ಲಕ್ಕೆ ಎಂಬುದನ್ನು ಅತ್ತೆಯವರೇ ನಿರ್ಧರಿಸಲು, ಮತ್ತು ಒಂಬತ್ತಾದ ಮೇಲೆ ದಿನ ಎಣಿಸದಿರಲು ಅನುಮತಿ ನೀಡಬೇಕು. ಕ್ರೀಮ್ ಕಳುಹಿಸುವ ಅಗತ್ಯವಿಲ್ಲ.

ತಮ್ಮ ವಿಶ್ವಾಸಿ (ನಿಯಮ 4ನ್ನು ಬಿಟ್ಟು),
ಸಾರಿಕಾ ಯೋಗಿರಾಜ ಬಿರಾಜದಾರ
(ಸಹಿ ಮರಾಠಿಯಲ್ಲಿದೆ)

ಲಗತ್ತುಗಳು:
1) ಅತ್ತೆಯವರ ಫೋಟೋ ಎರಡು: ಎಡದಿಂದ ಒಂದು, ಬಲದಿಂದ ಒಂದು. ಎದುರಿನಿಂದ ತೆಗೆಯಲು ಅವರು ಒಪ್ಪಲಿಲ್ಲ.
2) ಖಾಲಿ ಡಬ್ಬಿ ಒಂದು. ಒಳಗೆ ಎಣ್ಣೆಯ ಪಸೆ ಇದೆ. ಲಕೋಟೆಗೆ ಹತ್ತಿದ್ದರೆ ಕ್ಷಮೆಯಿರಲಿ.
3) 47 ಹೆಸರುಗಳ ಪಟ್ಟಿಯ ಪ್ರತಿ. ಕೊನೆಯ ಹೆಸರಿನವರ ಭೇಟಿ ದಿನಕ್ಕೆರಡು ಬಾರಿ ಆಗುತ್ತಿದೆ. ಖರೀದಿ ಇಲ್ಲ.

ಬಸಯ್ಯ ಅವರ ಷರಾ: ಜುಲೈ 20, ಭಾನುವಾರ. ಅಂಚೆ ಕಚೇರಿಗೆ ರಜೆ ಇದ್ದ ಕಾರಣ ಅರ್ಜಿ ಇನ್ನೂ ಸಾರಿಕಾ ಅವರ ಚೀಲದಲ್ಲಿದೆ. ಬೆಳಿಗ್ಗೆ 7.40ಕ್ಕೆ ಸ್ಕೂಟರ್ ಚಾವಿ ಚಂಚಿಯಿಂದ ಹೊರಗೆ ಬಂತು. ವಾರ ಬುಧವಾರವೂ ಅಲ್ಲ, ಶನಿವಾರವೂ ಅಲ್ಲವೆಂದು ಯಾರೂ ಹೇಳಲಿಲ್ಲ. ಸಾರಿಕಾ ಅಕ್ಕಲಕೋಟೆಗೆ ಹೋಗಿ ಸಂಜೆ 5.50ಕ್ಕೆ ಮರಳಿದರು. ಗಿರಿಜಾಬಾಯಿಯವರು ಕಟ್ಟೆಯ ಮೇಲೆ, ಬಲಗಲ್ಲ ಬಾಗಿಲಿನ ಕಡೆ ಮಾಡಿ ಕುಳಿತಿದ್ದರು. ಪಕ್ಕದಲ್ಲಿ ಕುಸುಬಿ ಎಣ್ಣೆಯ ಬಟ್ಟಲು ಇತ್ತು.