ಸೆರಗಿಗೊಂದು ಚೆಕ್‌ಸಮ್

ಸೀರೆಯಲ್ಲಿ ಏನೇ ತಪ್ಪಾಗಲಿ, ಬೈಗುಳ ಮಾತ್ರ ದಾರಿ ತಪ್ಪದೆ ನನ್ನ ಮನೆಗೇ ಬರುತ್ತದೆ. ನಾನು ಬನಹಟ್ಟಿಯಲ್ಲಿ ಸೀರೆಯ ಡಿಸೈನ್ ಬರೆಯುವವನು. ಬರೆಯುವುದೆಂದರೆ ಪೆನ್ನಿನಿಂದಲ್ಲ; ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದೇ ಚುಕ್ಕಿ ಇಡುವುದು. ಆ ಫೈಲನ್ನು ಪೆನ್‌ಡ್ರೈವಿನಲ್ಲಿ ಕೊಟ್ಟರೆ ಮಗ್ಗ ಅದರಂತೆಯೇ ನೇಯುತ್ತದೆ. ಇಷ್ಟು ಹೇಳದಿದ್ದರೆ ಮುಂದಿನದು ತಿಳಿಯದು, ಅದಕ್ಕೇ ಹೇಳಿದೆ.

೧. ತಲೆ ಇಲ್ಲದ ನವಿಲು

ರಬಕವಿಯ ಮಗ್ಗದ ಮಾಲೀಕರೊಬ್ಬರು ಸೀರೆಯನ್ನು ನನ್ನ ಮೇಜಿನ ಮೇಲೆ ಒಗೆದರು.

"ನವಿಲಿನ ತಲಿ ಎಲ್ಲಿ ಹೋತ್ರಿ? ಇನ್ನೊಮ್ಮೆ ಹಿಂಗಾದ್ರ ಜಮಖಂಡಿಯವರ ಕಡೆ ಡಿಸೈನ್ ಮಾಡಸ್ತೀನಿ!"

ನನಗಿದ್ದ ದೊಡ್ಡ ಗಿರಾಕಿ ಅವರೊಬ್ಬರೇ. ಗಾಬರಿಯಿಂದ ಕಂಪ್ಯೂಟರ್ ತೆರೆದೆ. ನನ್ನ ಫೈಲಿನಲ್ಲಿ ನವಿಲಿಗೆ ತಲೆಯೂ ಇತ್ತು, ತುರಾಯಿಯೂ ಇತ್ತು. ವಿಚಾರಿಸಿದರೆ, ಅವರು ಫೈಲು ತಮ್ಮ ಕಂಪ್ಯೂಟರಿಗೆ ಅರ್ಧ ಇಳಿಯುವಷ್ಟರಲ್ಲೇ ಪೆನ್‌ಡ್ರೈವ್ ಕಿತ್ತಿದ್ದರು.

"ಅರ್ಧಕ್ಕ ಯಾಕ ಕಿತ್ತಿರಿ?"

"ಚಾ ಆರಾಕತ್ತಿತ್ರಿ."

೨. ಸೊನ್ನೆಯ ಸಂಕಟ

ಅನ್ಯಾಯವಾಗಿ ಬೈಸಿಕೊಳ್ಳುವುದು ಸಾಕೆನಿಸಿ, ಇಬ್ಬರ ಕಂಪ್ಯೂಟರಿನಲ್ಲೂ ಚೆಕ್‌ಸಮ್ ತೆಗೆಯುವ ಸಾಫ್ಟ್‌ವೇರ್ ಹಾಕಿದೆ. ಚೆಕ್‌ಸಮ್ ಎಂದರೆ, ಫೈಲನ್ನು ಪೂರ್ತಿ ಓದಿ ಸಾಫ್ಟ್‌ವೇರ್ ಕೊಡುವ ಅಂಕಿ-ಅಕ್ಷರಗಳ ಉದ್ದನೆಯ ಸಾಲು. ನನ್ನಲ್ಲಿ ಬಂದ ಸಾಲೇ ಅವರಲ್ಲೂ ಬಂದರೆ ಫೈಲು ಕೆಟ್ಟಿಲ್ಲ. ಒಂದು ಚುಕ್ಕಿ ಬದಲಾದರೂ ಸಾಲೇ ಬೇರೆ. ಇದನ್ನು ಅವರಿಗೆ ಮೂರು ಸಲ ಬಿಡಿಸಿ ಹೇಳಿದೆ. ಅದೇ ತಪ್ಪಾಯಿತು. ನವಿಲಿನ ಫೈಲನ್ನು ಮತ್ತೆ ಕೊಟ್ಟ ಮರುದಿನವೇ ಅವರ ಫೋನು ಬಂತು.

"ನಂಬರ್ ಕೂಡೈತ್ರಿ. ಆದ್ರ ಸೊನ್ನಿಯಿಂದ ಸುರು ಆಗೇತಿ. ಹೊಸಾ ಸೀರಿಗೆ ಸೊನ್ನಿ ಛಲೋ ಅಲ್ಲ."

"ಅದು ತಾನ ಬರ್ತೈತ್ರಿ, ನಾ ಬರದಿದ್ದಲ್ಲ!"

"ಒಂದ್ ಚುಕ್ಕಿ ಬದಲಾದ್ರ ನಂಬರ್ ಬದಲಾಗ್ತೈತಂತ ನೀವ ಹೇಳೀರಿ. ನವಿಲಿನ ಬಾಲದಾಗ ಒಂದ್ ಚುಕ್ಕಿ ಹೆಚ್ಚಿಗಿ ಹಾಕ್ರಿ."

ಹಲ್ಲು ಕಚ್ಚಿಕೊಂಡು ಹಾಕಿದೆ. ಈಗ ಸಾಲು ಐದರಿಂದ ಸುರುವಾಯಿತು. ಕಳಿಸಿದೆ.

"ಐದು ಭೇಷ್ ಆತ್ರಿ. ಆದ್ರ ಈಗ ಕಡೀಕ ಸೊನ್ನಿ ಬಂದೈತಲ್ಲ?"

೩. ಆನೆಯ ಪಂಚನಾಮೆ

ಮುಂದಿನ ಡಿಸೈನ್ ಆನೆಯದು. ಸೀರೆ ಇನ್ನೂ ಮಗ್ಗದ ಮೇಲಿರುವಾಗಲೇ ಕರೆ ಬಂತು.

"ಲಗೂನ ಬರ್ರಿ, ಆನಿಗೆ ಐದ್ ಕಾಲ ಬಂದಾವ!"

ಮತ್ತೆ ಪೆನ್‌ಡ್ರೈವ್ ಕಿತ್ತಿದ್ದಾರೆಂದು ಉರಿಯುತ್ತಲೇ ಹೋದೆ. ಮಗ್ಗ ನಿಲ್ಲಿಸಿ, ಮಾಲೀಕರೂ ಮಗ್ಗ ನಡೆಸುವ ಅಕ್ಕನೂ ಕಾಯುತ್ತಿದ್ದರು.

"ಈ ಸಲ ಕಿತ್ತಿಲ್ಲರಿ, ಬೀರೇಶ್ವರನ ಆಣಿ," ಎಂದರು ಮಾಲೀಕರು.

"ದೇವರನ್ನ ಯಾಕ ಕರೀತೀರಿ? ಚೆಕ್‌ಸಮ್ ಹೇಳ್ತೈತಿ!"

ನನ್ನ ಚೀಟಿಯಲ್ಲಿದ್ದ ಸಾಲನ್ನು ಗಟ್ಟಿಯಾಗಿ ಓದಿದೆ. ಅಕ್ಕ ಅವರ ಕಂಪ್ಯೂಟರಿನ ಪರದೆ ನೋಡುತ್ತ ಒಂದೊಂದು ಅಕ್ಷರಕ್ಕೂ "ಐತಿ... ಐತಿ..." ಎನ್ನುತ್ತ ಬಂದರು. ಕೊನೆಯದೂ ಕೂಡಿತು.

"ಅಂದ್ರ ಒಂದ್ ಚುಕ್ಕಿನೂ ಬದಲಾಗಿಲ್ಲೇನ್ರಿ?" ಅಕ್ಕ ಕೇಳಿದರು.

"ಬದಲಾಗಾಕ ಸಾಧ್ಯನ ಇಲ್ಲ!" ಎಂದೆ, ಎದೆಯುಬ್ಬಿಸಿ.

"ಹಂಗಾದ್ರ ಐದನೇ ಕಾಲು ನಿಮ್ಮ ಮನಿಯಿಂದನ ನಡಕೊಂತ ಬಂದೈತ್ರಿ."

ಮುಂಗಾಲನ್ನು ತಿದ್ದಿ ಬರೆದಾಗ ಹಳೆಯದನ್ನು ಅಳಿಸಲು ಮರೆತಿದ್ದೆ. ಗಿರಾಕಿ ಕೈಬಿಟ್ಟರೆಂದೇ ತಿಳಿದೆ. ಮಾಲೀಕರು ನನ್ನ ಬೆನ್ನು ತಟ್ಟಿದರು.

"ಜಮಖಂಡಿಗೆ ಹೋಗಂಗಿಲ್ಲ ಬಿಡ್ರಿ. ತಪ್ಪು ಮಾಡೋರು ಅಲ್ಲೂ ಸಿಗ್ತಾರ. ತಪ್ಪನ್ನ ಹಿಂಗ ಒಂದ್ ಚುಕ್ಕಿ ಕೆಡದಂಗ ಮುಟ್ಟಸೋರು ಎಲ್ಲಿ ಸಿಗ್ತಾರ?"