ಮೂರು ತುಂಡಿನ ಮೀನು

ಭಾದ್ರಪದ ಶುದ್ಧ ನವಮಿ, ರವಿವಾರ. ಬಾಗಲಕೋಟೆ, ಮಾವನ ಮನೆ. ಮಧ್ಯಾಹ್ನ ಎರಡು ಗಂಟೆಗೆ ಪತ್ರಿಕೆಗೆ ಇದನ್ನು ಬರೆಯಲು ಕೂತೆ. ಊಟ ಮುಗಿಸಿ ಎಲ್ಲರೂ ಮಲಗಿದ್ದಾರೆ.

ಅಲುಗಾಡುವ ವಸ್ತುಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಬಗೆಯ ಅಂಜಿಕೆ. ಬಾಗಿಲು ಗಾಳಿಗೆ ಹೊಯ್ದಾಡಿದರೆ ಎದ್ದು ಹೋಗಿ ಕಲ್ಲು ಒತ್ತಿಟ್ಟು ಬರುತ್ತೇನೆ. ಸಾಲಿಯಲ್ಲಿ ಹುಡುಗರು ಅಲುಗಿದರೆ ಹಾಜರಿ ಕರೆಯುವುದನ್ನು ಮತ್ತೆ ಮೊದಲಿನಿಂದ ಆರಂಭಿಸುತ್ತೇನೆ. ಎಣಿಸಬೇಕಾದರೆ ವಸ್ತು ನಿಂತಲ್ಲಿ ನಿಲ್ಲಬೇಕು, ಎಣಿಸದೆ ನನಗೆ ನಿದ್ದೆ ಬರುವುದಿಲ್ಲ. ಇಂಥವನ ಕೈಗೆ ದೇವರು ಒಂದು ಮರದ ಮೀನು ಕೊಟ್ಟ. ಅದರ ಮೈ ಮೂರು ತುಂಡು. ತುಂಡು ತುಂಡಿಗೂ ತಂತಿಯ ಕೊಂಡಿ. ನೀರಿನಲ್ಲಿ ಎಳೆದರೆ ಜೀವಂತ ಮೀನಿನಂತೆ ಬಳುಕಿ, ದೊಡ್ಡ ಮೀನುಗಳಿಗೆ ಆಸೆ ಹುಟ್ಟಿಸಿ ಗಾಳಕ್ಕೆ ಸಿಕ್ಕಿಸುವುದು ಅದರ ಕಸುಬು.

ಈ ಮೀನು ನನ್ನ ಮಾವನದು. ಘಟಪ್ರಭೆಯ ರೇಲ್ವೆ ಸೇತುವೆ ನೋಡಿಕೊಳ್ಳುತ್ತಿದ್ದ ಒಬ್ಬ ಸಾಹೇಬನ ಬಂಗಲೆಯಲ್ಲಿ ಅವರು ಅಡಿಗೆ ಮಾಡುತ್ತಿದ್ದರು. ಸಾಹೇಬ ತನ್ನ ದೇಶಕ್ಕೆ ಹೊರಟಾಗ ಇದನ್ನು ಕೊಟ್ಟು ಹೋದನಂತೆ. ಸಾಹೇಬ ಹೋದ ಮೇಲೆ ಮಾವ ಅಡಿಗೆ ಬಿಟ್ಟರು, ಮಾತನ್ನೂ ಬಹುಮಟ್ಟಿಗೆ ಬಿಟ್ಟರು. ಸಂಜೆಯಾದರೆ ಮೀನನ್ನು ಅರಿವೆಯಲ್ಲಿ ಸುತ್ತಿಕೊಂಡು ಹೊಳೆಗೆ ಹೋಗುತ್ತಾರೆ, ಕತ್ತಲಾದ ಮೇಲೆ ಬರುತ್ತಾರೆ.

ನನ್ನ ಮದುವೆಯಾದದ್ದು ವೈಶಾಖದಲ್ಲಿ. ಆಷಾಢಕ್ಕೆ ತವರಿಗೆ ಬಂದ ನನ್ನ ಹೆಂಡತಿ ಶಾಂತವ್ವ, ಶಿರೂರಿನ ನನ್ನ ಬಾಡಿಗೆ ಮನೆಯ ಮಾಳಿಗೆ ಸೋರುತ್ತದೆಂದು ದಸರೆಯವರೆಗೆ ಇಲ್ಲೇ ಉಳಿದಳು. ನಾನು ಶನಿವಾರ ಸಾಲಿ ಬಿಟ್ಟ ಕೂಡಲೇ ಬಂದು ಸೋಮವಾರ ಬೆಳಗಾಗುತ್ತಲೇ ಹೋಗುತ್ತೇನೆ. ಬಂದಾಗಲೆಲ್ಲ ಮಾವ, "ಬಂದ್ರ್ಯಾ?" ಅನ್ನುತ್ತಿದ್ದರು. ಹೋಗುವಾಗ, "ಹೊಂಟ್ರ್ಯಾ?" ನಡುವೆ ಏನೂ ಇಲ್ಲ. ನನಗೆ ಆಸೆಯೆಂದರೆ ಒಂದೇ: ಒಂದು ಸಂಜೆ ಅವರು ಹೊಸ್ತಿಲಲ್ಲಿ ನಿಂತು, ನೀವೂ ಬರ್ರಿ ಹೊಳಿಗೆ, ಅನ್ನಬೇಕು. ಪಡಸಾಲೆಯ ಕಂಬಕ್ಕೆ ಒರಗಿ ಆ ಹೊಳೆಯನ್ನು ನಾನು ಎಷ್ಟೋ ಸಲ ಕಣ್ಣುಮುಚ್ಚಿ ನೋಡಿದ್ದೇನೆ. ಕೆಂಪು ನೀರು ಸದ್ದಿಲ್ಲದೆ ಹೋಗುತ್ತಿದೆ, ದಂಡೆಯ ಮೇಲೆ ನಾವಿಬ್ಬರು, ಯಾರಿಗೂ ಮಾತಾಡುವ ಅವಸರವಿಲ್ಲ.

ಮೀನಿನ ಬಣ್ಣ ಹಾರಿಹೋಗಿದ್ದನ್ನು ಕಂಡು, "ಮಾವಾರ, ಇದಕ್ಕ ನಾ ಬಣ್ಣಾ ಹಚ್ಚಿ ಕೊಡ್ತೇನಿ" ಅಂದುಬಿಟ್ಟೆ. ಅವರು ನನ್ನನ್ನೂ ಮೀನನ್ನೂ ಒಂದೊಂದು ಸಲ ನೋಡಿ, "ಹುಷಾರ್ರಿ" ಎಂದು ಕೈಗಿಟ್ಟರು. ಮೂರು ತಿಂಗಳಲ್ಲಿ ಹೊಸ ಮಾತು!

ಗಾಳಗಳನ್ನು ಬಿಚ್ಚಿಟ್ಟು ಕೆಲಸಕ್ಕೆ ಕೂತೆ. ತಲೆ ಹಿಡಿದರೆ ಬಾಲ ತಿರುಗುತ್ತಿತ್ತು; ಬಾಲ ಹಿಡಿದರೆ ತಲೆ ನನ್ನನ್ನು ನೋಡುತ್ತಿತ್ತು. ನಡು ಹಿಡಿದರೆ ಎರಡೂ ಕಡೆ ಜೋತುಬಿದ್ದು, ಸತ್ತ ಮೀನಿಗೆ ಬಣ್ಣ ಹಚ್ಚುವ ಪಾಪಿ ನಾನು ಅನ್ನಿಸುತ್ತಿತ್ತು. ಮುಂದಿನ ಶನಿವಾರ ಅಡಿಗೆಮನೆಯಿಂದ ಒಂದು ಮುದ್ದೆ ಜೋಳದ ಹಿಟ್ಟು ತಂದು ಅದರಲ್ಲಿ ಹೂತಿಟ್ಟೆ. ಅತ್ತೆ ನನ್ನೊಂದಿಗೆ ನೇರ ಮಾತಾಡುವ ಪದ್ಧತಿಯಿಲ್ಲ. ಒಲೆಯ ಮುಂದೆ ಕೂತು ಮಗಳಿಗೆ ಹೇಳಿದರು: "ಶಾಂತವ್ವಾ, ನಿನ್ನ ಗಂಡಗ ಕೇಳವಾ, ರೊಟ್ಟಿ ತಿಂತಾರೋ, ಇಲ್ಲಾ ಹಿಟ್ಟನ್ನೂ ಮೀನಕ್ಕ ಉಣಸ್ತಾರೋ ಅಂತ."

ಕಡೆಗೆ ಶಾಂತವ್ವನನ್ನೇ ಎರಡೂ ತುದಿ ಹಿಡಿಯಲು ಕೂಡಿಸಿದೆ. ನಾನು ಕುಂಚ ಎತ್ತಿ ಉಸಿರು ಬಿಗಿಹಿಡಿದರೆ ಅವಳಿಗೆ ನಗು.

"ಅಲುಗಬ್ಯಾಡ."

"ನಾ ಎಲ್ಲಿ ಅಲುಗಾಕತ್ತೇನ್ರಿ? ನಿಮ್ಮ ಮಾರಿ ನೋಡಿ ಮೀನಾನ ನಗಾಕತ್ತೈತಿ."

ಆ ಸಲ ಮೀನಿನ ಕಣ್ಣು ಅವಳ ಹೆಬ್ಬೆರಳಿನ ಉಗುರಿನ ಮೇಲೆ ಬಿತ್ತು. ಬಹಳ ಚಂದ ಬಂದಿತ್ತು. ನೀರಿಗೆ ಹೋಗುವಾಗಲೂ ಅವಳು ಆ ಬೆರಳನ್ನು ನನ್ನ ಕಡೆ ತಿರುಗಿಸಿ ಹೋಗುತ್ತಿದ್ದಳು.

ಆಗ ನನಗೆ ಹೊಳೆದದ್ದು ನಮ್ಮ ಇಳಕಲ್ಲಿನ ಮನೆಯ ಮಗ್ಗ. ನಾನು ನೇಕಾರರ ಮಗ. ಸಾವಿರಾರು ಎಳೆಗಳಿದ್ದರೂ ಮಗ್ಗದ ಉದ್ದ ನೂಲಿನ ಹಾಸು ಏಕೆ ಅಲುಗುವುದಿಲ್ಲ? ಎರಡೂ ಕಡೆಯಿಂದ ಬಿಗಿದಿರುತ್ತಾರೆ. ಇಷ್ಟು ದಿನ ಇದು ತಿಳಿಯಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡು, ಪಡಸಾಲೆಯ ಎರಡು ಕಂಬಗಳ ನಡುವೆ ಹುರಿ ಕಟ್ಟಿದೆ. ಮೀನಿನ ಮೂಗಿನ ಬಳೆಗೆ ಒಂದು, ಬಾಲದ ಬಳೆಗೆ ಒಂದು. ಬಿಗಿದೆ. ಮೀನು ಗಾಳಿಯಲ್ಲಿ ನೆಟ್ಟಗೆ ಮಲಗಿತು! ಬೆನ್ನಿಗೆ ಹಸಿರು, ಹೊಟ್ಟೆಗೆ ಹಳದಿ, ಪಕ್ಕಕ್ಕೆ ನಮ್ಮೂರ ಸೀರೆಯ ದಡಿಯ ಕೆಂಪು. ನೂಲಿಗೆ ಗಂಜಿ ಹಾಕದೆ ನೇಕಾರರ ಮನೆಯಲ್ಲಿ ಯಾವ ಕೆಲಸವೂ ಮುಗಿಯುವುದಿಲ್ಲ. ಆ ಅಭ್ಯಾಸಬಲದಿಂದ, ಅಂಗಡಿಯಿಂದ ಅರಗಿನ ಮೆರುಗೆಣ್ಣೆ ತಂದು ತಲೆಯಿಂದ ಬಾಲದವರೆಗೆ ಒಂದೂ ಸಂದು ಬಿಡದಂತೆ ಕುಡಿಸಿದೆ. ಹೋದ ರವಿವಾರದ ಆ ಮಧ್ಯಾಹ್ನ ಅದರ ಕೆಳಗೇ ಚಾಪೆ ಹಾಸಿ ಮಲಗಿದೆ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ಮೀನು ತೇಲುತ್ತಿತ್ತು, ಅದರ ಕೆಳಗೆ ನಾನೂ ಎಲ್ಲಿಗೋ ತೇಲುತ್ತಿದ್ದೆ.

ನಿನ್ನೆ, ಒಣಗಿದ್ದ ಮೀನನ್ನು ಬಿಚ್ಚಿ ಗಾಳ ಸಿಕ್ಕಿಸಿ ಮಾವನ ಮುಂದೆ ಹಿಡಿದೆ. ಅವರ ಹುಬ್ಬು ಮೇಲೇರಿತು. ಹೊಸ್ತಿಲಲ್ಲಿ ನಿಂತು ಅಂದರು: "ಬರ್ರಿ, ಹೊಳಿಗೆ ಹೋಗೂಣು."

ಹೊಳೆ ನಾನು ಕಣ್ಣುಮುಚ್ಚಿ ಕಂಡಿದ್ದಂತೆಯೇ ಇತ್ತು. ದಂಡೆಯ ಮಡುವಿನಲ್ಲಿ ನೀರು ನಿದ್ದೆಗಣ್ಣಿನಲ್ಲಿತ್ತು. ಮಾವ ಹುರಿ ಬೀಸಿ ಮೀನನ್ನು ಒಗೆದು ಮೆಲ್ಲಗೆ ಎಳೆಯತೊಡಗಿದರು. ಮೀನು ಬಳುಕಲಿಲ್ಲ. ನೀರನ್ನು ಗೆರೆ ಕೊರೆದಂತೆ ಸೀಳಿಕೊಂಡು ನೆಟ್ಟಗೆ ಬಂದು ಅವರ ಕಾಲ ಬಳಿ ನಿಂತಿತು. ಇನ್ನೊಮ್ಮೆ ಒಗೆದರು. ಮತ್ತೆ ಅದೇ ಗೆರೆ. ಬಿಗಿದು ಕಟ್ಟಿದಾಗ ಬಾಯಿ ತೆರೆದಿದ್ದ ಸಂದುಗಳೆಲ್ಲ ಹೊಟ್ಟೆ ತುಂಬ ಅರಗು ಕುಡಿದು ಕಲ್ಲಾಗಿದ್ದವು.

ಮಾವ ಮೀನನ್ನು ಎತ್ತಿ ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಅವರ ಹೊಟ್ಟೆ ಅಲುಗಾಡಿತು, ಆಮೇಲೆ ಭುಜ. ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಮಾಸ್ತರ್ರ, ಮೀನಕ್ಕೂ ಸಾಲಿ ಕಲಿಸೀರಲ್ರಿ. ಕೈಕಟಗೊಂಡು ಬರಾಕತ್ತೈತಿ ನೋಡ್ರಿ!"

"ತಪ್ಪಾತ್ರಿ ಮಾವಾರ."

"ತಪ್ಪಾದ್ರ ತಿದ್ದೋದು ಮಾಸ್ತರ ಕೆಲಸಾನ. ಬಂದಾಗೊಮ್ಮೆ ಇಲ್ಲೇ ಕುಂಡ್ರ್ರಿ. ಸೂಜಿ ಹಿಡದು ಅರಗು ಕೆರೀರಿ. ನನಗೂ ಮಾತಿಗೆ ಒಬ್ರು ಆಗತೀರಿ."

ನಿನ್ನೆ ಕತ್ತಲಾಗುವವರೆಗೆ ಕೆರೆದೆ. ಮಾವ ಸಾಹೇಬನ ಅಡಿಗೆಯ ಕಥೆ ಹೇಳುತ್ತಿದ್ದರು. ಕಥೆ ಒಂದು ಕಡೆ ಬಳುಕಿ ಇನ್ನೊಂದು ಕಡೆ ಹೋಗುತ್ತಿತ್ತು, ಎಷ್ಟು ಕಥೆ ಎಂದು ನಾನು ಎಣಿಸಲಿಲ್ಲ. ಎರಡು ಸಂದುಗಳಲ್ಲಿ ಒಂದರ ತುದಿ ಮಾತ್ರ ಸಡಿಲವಾಗಿದೆ. ಒಳಗೆ ಮಾವ ಕೆಮ್ಮಿದ ಸದ್ದು, ಏಳುವ ಹೊತ್ತಾಯಿತು. ಸೂಜಿ ಕಿಸೆಯಲ್ಲಿದೆ, ಮನೆಯಲ್ಲಿದ್ದ ಎರಡು ಸೂಜಿಗಳಲ್ಲಿ ಸಣ್ಣದು ನೋಡಿ ಆರಿಸಿದ್ದೇನೆ.

ಓದುಗರಲ್ಲಿ ಒಂದು ವಿನಂತಿ. ಇಂಥ ಮೀನುಗಳಿಗೆ ಕೀಲು ಕಟ್ಟದಂತೆ ಬಣ್ಣ ಹಚ್ಚುವ ಉಪಾಯವಾಗಲಿ, ಸಂದಿನೊಳಗಿನ ಅರಗನ್ನು ಬೇಗ ಕರಗಿಸುವ ಉಪಾಯವಾಗಲಿ ಗೊತ್ತಿದ್ದವರು ಈ ಪತ್ರಿಕೆಗೆ ದಯವಿಟ್ಟು ಬರೆದು ತಿಳಿಸಬೇಕು. ಆದರೆ ದಸರೆಗೆ ಶಾಂತವ್ವ ಶಿರೂರಿಗೆ ಬಂದುಬಿಟ್ಟರೆ ವಾರವಾರ ಬಾಗಲಕೋಟೆಗೆ ಹೋಗಲು ನನಗೊಂದು ನೆಪ ಬೇಕಾಗುತ್ತದೆ. ಆದ್ದರಿಂದ ಅವಸರ ಬೇಡ. ಮುಂದಿನ ಮಳೆಗಾಲದ ಹೊತ್ತಿಗೆ ಬರೆದರೂ ನಡೆಯುತ್ತದೆ.